ಪ್ರಕಾಶಕರಿಗೊಂದು ಬಹಿರಂಗ ಪತ್ರ: ಪುಸ್ತಕದ ನಿಜವಾದ ಉದ್ದ ಹೇಳಿ

ಪ್ರಿಯ ಪ್ರಕಾಶಕರೇ,

ಗೆಳೆಯರಿಗೆ ಪುಸ್ತಕ ಸೂಚಿಸುವುದು ನನಗೆ ತುಂಬಾ ಇಷ್ಟದ ಕೆಲಸ. ಬರೆದವರು ಯಾರು, ಕಥೆ ಯಾವುದರ ಬಗ್ಗೆ ಎಂದು ಹೇಳಿ ಮುಗಿಸುವ ಮೊದಲೇ ಒಂದು ಪ್ರಶ್ನೆ ಬರುತ್ತದೆ: "ಎಷ್ಟು ಪುಟ ಇದೆ?" ಹೀಗೆ ಕೇಳುವವರು ಸೋಮಾರಿಗಳಲ್ಲ. ಕೆಲಸ, ಮನೆ, ಮಕ್ಕಳು, ನಿದ್ದೆ ಎಲ್ಲದರ ನಡುವೆ ಓದಿಗೆ ಹೇಗೋ ಒಂದಿಷ್ಟು ಹೊತ್ತು ಉಳಿಸಿಕೊಳ್ಳುವವರು. ಈ ಪುಸ್ತಕ ನನ್ನಿಂದ ಎಷ್ಟು ಸಮಯ ಕೇಳುತ್ತದೆ ಎಂದು ಮೊದಲೇ ತಿಳಿಯಬೇಕು ಅಂತ ಅವರಿಗೆ ಅನ್ನಿಸುವುದು ಸಹಜ ಅಲ್ವಾ? ತೊಂದರೆ ಇರುವುದು ನನ್ನ ಉತ್ತರದಲ್ಲಿ. ಪುಟದ ಲೆಕ್ಕ ಹೇಳಿದರೆ ಅವರಿಗೆ ನಿಜವಾಗಿ ಏನೂ ತಿಳಿಯುವುದಿಲ್ಲ. ಕೆಲವೊಮ್ಮೆ ದಾರಿಯೇ ತಪ್ಪುತ್ತದೆ.

ಅದಕ್ಕೇ ಈ ಪತ್ರ. ನನ್ನ ಬೇಡಿಕೆ ಒಂದೇ. ಪ್ರತಿ ಪುಸ್ತಕದ ಹಿಂಬದಿಯ ರಕ್ಷಾಪುಟದಲ್ಲಿ, ಬೆಲೆಯ ಪಕ್ಕದಲ್ಲೇ, ಆ ಪುಸ್ತಕದಲ್ಲಿ ಎಷ್ಟು ಪದಗಳಿವೆ ಎಂದು ಅಚ್ಚು ಹಾಕಿ.

ಪುಟ ಎನ್ನುವುದು ಅಳತೆಯೇ ಅಲ್ಲ. ಅಕ್ಷರ ಸ್ವಲ್ಪ ದೊಡ್ಡದು ಮಾಡಿ. ಸಾಲುಗಳ ನಡುವೆ ಜಾಗ ಬಿಡಿ. ಅಂಚು ಅಗಲಿಸಿ. ಪ್ರತಿ ಅಧ್ಯಾಯವನ್ನೂ ಹೊಸ ಬಲಪುಟದಿಂದ ಶುರು ಮಾಡಿ. ಪುಸ್ತಕ ತಾನೇ ಉಬ್ಬುತ್ತದೆ. 1 ಲಕ್ಷ ಪದಗಳ ಬರಹವನ್ನು ಪುಟಕ್ಕೆ 250 ಪದದಂತೆ ಜೋಡಿಸಿದರೆ 400 ಪುಟ. ಅದನ್ನೇ ಪುಟಕ್ಕೆ 400 ಪದದಂತೆ ಒತ್ತಿ ಕೂರಿಸಿದರೆ 250 ಪುಟ. ಬರಹದಲ್ಲಿ ಒಂದಕ್ಷರವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ 400 ಪುಟ ಕಂಡವರು ಹಿಂದೆ ಸರಿಯುತ್ತಾರೆ, 250 ಪುಟ ಕಂಡವರು ಕೈಗೆತ್ತಿಕೊಳ್ಳುತ್ತಾರೆ.

ದಪ್ಪವನ್ನಂತೂ ನಂಬುವ ಹಾಗೇ ಇಲ್ಲ. ಕಾಗದದ ತೂಕ ಒಂದೇ ಇದ್ದರೂ ಅದರ ಉಬ್ಬು ಬೇರೆ ಬೇರೆ ಇರುತ್ತದೆ. ಇದನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಈ ಉಬ್ಬು (ಬಲ್ಕ್) ಜಾಸ್ತಿ ಇರುವ ಕಾಗದ ಆರಿಸಿದರೆ ಚಿಕ್ಕ ಪುಸ್ತಕವೂ ಬೀಗಿಕೊಂಡು ನಿಲ್ಲುತ್ತದೆ. ಇನ್ನೊಂದು ತುದಿಗೆ ಫ್ರಾನ್ಸಿನ ಪ್ಲೆಯಾಡ್ ಮಾಲಿಕೆ ಇದೆ. 1931ರಲ್ಲಿ ಶುರುವಾದದ್ದು. ಬೈಬಲ್ಲಿಗೆ ಬಳಸುವಂಥ ತೆಳು ಕಾಗದದಲ್ಲಿ ಅವರು ಸಾವಿರಕ್ಕೂ ಹೆಚ್ಚು ಪುಟಗಳನ್ನು ಅಂಗೈಯಲ್ಲಿ ಹಿಡಿಯುವ ಪುಸ್ತಕದೊಳಗೆ ಕೂರಿಸುತ್ತಾರೆ. ಕಪಾಟಿನಲ್ಲಿ ಇವೆರಡನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ದೊಡ್ಡದು ಎಂದು ಕಣ್ಣಳತೆಯಲ್ಲಿ ಯಾರಿಗೂ ಹೇಳಲಾಗದು.

ಇದೆಲ್ಲ ಯಾಕೆ ಮುಖ್ಯ ಅಂದರೆ, ಉದ್ದದ ಪ್ರಭಾವ ಅತಿ ಹೆಚ್ಚು ಕೆಲಸ ಮಾಡುವುದು ಓದು ಶುರುವಾಗುವ ಮೊದಲು. ದಪ್ಪ ಪುಸ್ತಕ ಕಂಡರೆ ಯಾರೂ "ಇದು ಬೇಡ" ಎನ್ನುವುದಿಲ್ಲ. "ಆಮೇಲೆ ಓದೋಣ" ಎನ್ನುತ್ತಾರೆ. ರಜೆ ಬರಲಿ, ಮಗು ಸ್ವಲ್ಪ ದೊಡ್ಡದಾಗಲಿ, ಈ ಕೆಲಸವೊಂದು ಮುಗಿಯಲಿ. ಆ ಆಮೇಲೆ ಬರುವುದೇ ಇಲ್ಲ. ಇಷ್ಟವಿಲ್ಲದೆ ಬಿಟ್ಟ ಪುಸ್ತಕಗಳ ಬಗ್ಗೆ ನನಗೆ ಬೇಸರವಿಲ್ಲ. ಇಷ್ಟವಾಗುತ್ತಿದ್ದವು, ಆದರೆ ಮೊದಲ ಪುಟವನ್ನೇ ತೆರೆಯಲಿಲ್ಲ ಎನ್ನುವಂಥ ಪುಸ್ತಕಗಳ ಬಗ್ಗೆ ನಿಜವಾಗಿ ಸಂಕಟವಾಗುತ್ತದೆ.

ತೆಳು ಪುಸ್ತಕ ಮಾಡುವ ಗಾಯ ಬೇರೆ ಥರದ್ದು. "ಚಿಕ್ಕದು, ಎರಡು ದಿನದಲ್ಲಿ ಮುಗಿಯುತ್ತೆ" ಎಂದು ಹಿಡಿದ ಪುಸ್ತಕ ಎರಡು ವಾರವಾದರೂ ಮುಗಿಯದಿದ್ದರೆ ಓದುಗರು ಮುದ್ರಣವನ್ನು ದೂರುವುದಿಲ್ಲ, ತಮ್ಮನ್ನೇ ದೂರಿಕೊಳ್ಳುತ್ತಾರೆ. "ನನಗೆ ಈಗ ಏಕಾಗ್ರತೆಯೇ ಇಲ್ಲ" ಎನ್ನುತ್ತಾರೆ. ಎಷ್ಟೋ ಜನ ಹೀಗೆ ಹೇಳುವುದನ್ನು ಕೇಳಿದ್ದೇನೆ. ಆ ಪುಸ್ತಕ ತೆರೆದು ನೋಡಿದರೆ ಅಕ್ಷರ ಇರುವೆಯಷ್ಟು, ಅಂಚು ಇಲ್ಲವೇ ಇಲ್ಲ.

ಅಮೆರಿಕದ ಗಣಿತಜ್ಞ ಜೋರ್ಡನ್ ಎಲೆನ್‌ಬರ್ಗ್ 2014ರಲ್ಲಿ ಒಂದು ತಮಾಷೆಯ ಲೆಕ್ಕ ಹಾಕಿದರು. ಇ-ಪುಸ್ತಕ ಓದುವ ಸಾಧನವಾದ ಕಿಂಡಲ್‌ನಲ್ಲಿ ಓದುಗರು ಅತಿ ಹೆಚ್ಚು ಗೆರೆ ಎಳೆದ ಐದು ಜಾಗಗಳು ಪುಸ್ತಕದ ಯಾವ ಭಾಗದಲ್ಲಿವೆ ಎಂದು ನೋಡಿ, ಆ ಜಾಗಗಳ ಪುಟಸಂಖ್ಯೆಯ ಸರಾಸರಿ ತೆಗೆದು, ಅದು ಇಡೀ ಪುಸ್ತಕದ ಎಷ್ಟು ಶೇಕಡ ಎಂದು ಲೆಕ್ಕ ಹಾಕಿದರು. ಗೆರೆಗಳೆಲ್ಲ ಶುರುವಿನಲ್ಲೇ ಇದ್ದರೆ ಜನ ಮುಂದೆ ಹೋಗಿಲ್ಲ ಎಂದು ಅರ್ಥ. ಇದು ವಿಜ್ಞಾನವಲ್ಲ, ಬರೀ ಮನರಂಜನೆಗೆ ಎಂದು ಅವರೇ ಹೇಳಿದ್ದರು. ಆದರೂ ಫಲಿತಾಂಶ ಯೋಚಿಸುವಂತಿದೆ. ಅರ್ಥಶಾಸ್ತ್ರಜ್ಞ ಥಾಮಸ್ ಪಿಕೆಟ್ಟಿ ಬಂಡವಾಳದ ಬಗ್ಗೆ ಬರೆದ ದಪ್ಪ ಪುಸ್ತಕಕ್ಕೆ ಸಿಕ್ಕಿದ್ದು 2.4 ಶೇಕಡ. ಸರಿ, ದಪ್ಪ ಪುಸ್ತಕ, ಜನ ಸೋತರು ಅನ್ನಬಹುದು. ಆದರೆ ಸ್ಟೀಫನ್ ಹಾಕಿಂಗ್ ಅವರ "ಎ ಬ್ರೀಫ್ ಹಿಸ್ಟರಿ ಆಫ್ ಟೈಮ್" ಪುಸ್ತಕಕ್ಕೆ ಸಿಕ್ಕಿದ್ದು ಬರೀ 6.6 ಶೇಕಡ. ಅದು 200 ಪುಟದ ಆಸುಪಾಸಿನ ಪುಸ್ತಕ. ಅದೇ ಪಟ್ಟಿಯಲ್ಲಿ ಡೊನ್ನಾ ಟಾರ್ಟ್ ಅವರ ಕಾದಂಬರಿ, 700 ಪುಟ ದಾಟಿದ್ದು, 98.5 ಶೇಕಡ ಪಡೆಯಿತು. ಜನ ಕೊನೆಯ ಪುಟಗಳಲ್ಲಿ ಗೆರೆ ಎಳೆದಿದ್ದರು.

ಹಾಗಾದರೆ ಓದುಗರು ಉದ್ದಕ್ಕೆ ಹೆದರುತ್ತಾರೆ ಅನ್ನುವುದು ಅರ್ಧ ಮಾತ್ರ ಸತ್ಯ. ಉದ್ದ ಬಾಗಿಲಲ್ಲಿ ತಡೆಯುತ್ತದೆ. ಒಳಗೆ ಬಂದವರನ್ನು ಹೊರಗೆ ಕಳಿಸುವುದು ಬೇರೆ ಕಾರಣಗಳು.

ಮಕ್ಕಳನ್ನೇ ನೋಡಿ. ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕ 1997ರಲ್ಲಿ ಬ್ರಿಟನ್ನಿನಲ್ಲಿ ಬಂದಾಗ 223 ಪುಟ ಇತ್ತು. 2003ರಲ್ಲಿ ಬಂದ ಐದನೆಯದು 766 ಪುಟ. ಅಮೆರಿಕದ ಪ್ರಕಾಶಕರ ಲೆಕ್ಕದ ಪ್ರಕಾರ ಅಲ್ಲಿ ಮೊದಲ ದಿನವೇ 50 ಲಕ್ಷ ಪ್ರತಿ ಹೋಯಿತು. ಹತ್ತು ಹನ್ನೆರಡು ವರ್ಷದ ಮಕ್ಕಳು ಅದನ್ನು ಎತ್ತಿಕೊಂಡು ಓದಿದರು. ಅವರಿಗೆ ಆ ದಪ್ಪ ಸಂತೋಷದ ಸುದ್ದಿಯಾಗಿತ್ತು. ಇಷ್ಟದ ಜಗತ್ತಿನಲ್ಲಿ ಇನ್ನಷ್ಟು ದಿನ ಇರಬಹುದಲ್ಲ! ನಂಬಿಕೆ ಇದ್ದಾಗ ಉದ್ದ ಆಸೆ ಹುಟ್ಟಿಸುತ್ತದೆ. ನಂಬಿಕೆ ಇಲ್ಲದಾಗ ಅದೇ ಉದ್ದ ಅಂಜಿಕೆ ಹುಟ್ಟಿಸುತ್ತದೆ. ಹೊಸ ಲೇಖಕರ ದೊಡ್ಡ ಪುಸ್ತಕಕ್ಕೆ ಈ ನಂಬಿಕೆ ಇನ್ನೂ ಹುಟ್ಟಿರುವುದಿಲ್ಲ. ಅಲ್ಲಿ ನಿಮ್ಮ ಸಹಾಯ ಬೇಕು.

ಸಹಾಯ ಎಂದರೆ ಒಂದು ಸಂಖ್ಯೆ. ಬೆಲ್ಜಿಯಂನ ಮನಶ್ಶಾಸ್ತ್ರಜ್ಞ ಮಾರ್ಕ್ ಬ್ರಿಸ್‌ಬಾರ್ಟ್ 2019ರಲ್ಲಿ 190 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಇಂಗ್ಲಿಷನ್ನು ಮನಸ್ಸಿನಲ್ಲೇ ಓದುವ ದೊಡ್ಡವರ ಸರಾಸರಿ ವೇಗ ಕಥೆಯಲ್ಲದ ಬರಹವಾದರೆ ನಿಮಿಷಕ್ಕೆ 238 ಪದ, ಕಥೆ ಕಾದಂಬರಿಯಾದರೆ 260 ಎಂದು ಕಂಡರು. ಎರಡರಲ್ಲಿ ನಿಧಾನದ ವೇಗವನ್ನೇ ಹಿಡಿಯೋಣ. 1 ಲಕ್ಷ ಪದಗಳ ಪುಸ್ತಕಕ್ಕೆ ಸುಮಾರು 7 ಗಂಟೆ. ದಿನಕ್ಕೆ 20 ನಿಮಿಷ ಓದಿದರೆ 3 ವಾರ. "400 ಪುಟ" ಎಂದಾಗ ಗೋಡೆಯ ಹಾಗೆ ಕಾಣುವ ಪುಸ್ತಕ "ದಿನಾ 20 ನಿಮಿಷ, 3 ವಾರ" ಎಂದಾಗ ಮಾಡಬಹುದಾದ ಕೆಲಸವಾಗಿಬಿಡುತ್ತದೆ. ಆದರೆ ಈ ಭಾಗಾಕಾರ ಮಾಡಲು ಪದಗಳ ಲೆಕ್ಕ ಬೇಕು. ಅದು ನಿಮ್ಮ ಹತ್ತಿರ ಮಾತ್ರ ಇದೆ. ಸಿನಿಮಾ ಎಷ್ಟು ನಿಮಿಷ ಎಂದು ನೋಡುವ ಮೊದಲೇ ಗೊತ್ತಿರುತ್ತದೆ. ಕೇಳುವ ಪುಸ್ತಕ ಎಷ್ಟು ಗಂಟೆ ಎಂದು ಬರೆದೇ ಇರುತ್ತದೆ. ಅಚ್ಚಾದ ಪುಸ್ತಕ ಮಾತ್ರ ಯಾಕೆ ಬಾಯಿ ಮುಚ್ಚಿಕೊಂಡಿರಬೇಕು?

ಇದು ನಾನು ಕಂಡುಹಿಡಿದ ಉಪಾಯವಲ್ಲ. ಚೀನಾದಲ್ಲಿ ಅಚ್ಚಾಗುವ ಪುಸ್ತಕಗಳ ಹಕ್ಕುಪುಟದಲ್ಲಿ ಎಷ್ಟು ಸಾವಿರ ಅಕ್ಷರಗಳಿವೆ ಎಂದು ಮುದ್ರಿಸುವುದು ಮಾಮೂಲಿ. ರಷ್ಯಾದಲ್ಲಿ ಲೇಖಕರ ಹಾಳೆ ಎಂಬ ಅಳತೆ ಇದೆ. ಖಾಲಿ ಜಾಗಗಳೂ ಸೇರಿ 40,000 ಅಚ್ಚುಗುರುತುಗಳಿಗೆ ಒಂದು ಹಾಳೆ. ಪದ್ಯವಾದರೆ 700 ಸಾಲು. ಅಲ್ಲಿನ ಪುಸ್ತಕಗಳ ಕೊನೆಯಲ್ಲಿ ಇದೇ ಬಗೆಯ ಅಳತೆಯಲ್ಲಿ ಪುಸ್ತಕದ ಗಾತ್ರ ಅಚ್ಚಾಗಿರುತ್ತದೆ. ಜರ್ಮನಿಯಲ್ಲಿ ಅನುವಾದಕರ ಸಂಭಾವನೆ ಲೆಕ್ಕ ಹಾಕುವುದು ಒಂದು ಮಾದರಿ ಪುಟದ ಮೇಲೆ. 30 ಸಾಲು, ಸಾಲಿಗೆ 60 ಗುರುತು. ನೋಡಿ, ಬರೆಯುವವರಿಗೆ ಹಣ ಕೊಡುವಾಗ ಉದ್ಯಮವೇ ಅಚ್ಚಾದ ಪುಟವನ್ನು ನಂಬುವುದಿಲ್ಲ! ಓದುವವರು ಮಾತ್ರ ನಂಬಬೇಕಂತೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಚೀನಾದ ಲೆಕ್ಕ ಹೆಚ್ಚಾಗಿ ಪುಟದ ವಿನ್ಯಾಸದಿಂದ ಬರುತ್ತದೆ. ಸಾಲಿಗೆ ಎಷ್ಟು ಅಕ್ಷರ, ಪುಟಕ್ಕೆ ಎಷ್ಟು ಸಾಲು, ಒಟ್ಟು ಎಷ್ಟು ಪುಟ ಎಂದು ಗುಣಿಸುತ್ತಾರೆ. ಖಾಲಿ ಜಾಗವೂ ಅಕ್ಷರದ ಲೆಕ್ಕಕ್ಕೆ ಸೇರಿಬಿಡುತ್ತದೆ. ನೀವು ಹಾಗೆ ಮಾಡಬೇಡಿ. ಅಚ್ಚಿಗೆ ಹೋಗುವ ಫೈಲಿನಿಂದಲೇ ನೇರವಾಗಿ ಎಣಿಸಿ. ಕಂಪ್ಯೂಟರಿಗೆ ಒಂದು ಕ್ಷಣದ ಕೆಲಸ.

ಉದ್ದವನ್ನು ವ್ಯಾಪಾರ ನಿರ್ಧರಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ದೊಡ್ಡ ಪಾಠ ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿದೆ. ಆಗ ಹೊಸ ಕಾದಂಬರಿ ಎಂದರೆ ಮೂರು ಸಂಪುಟ. ಒಂದು ಕಾದಂಬರಿಯ ಬೆಲೆ 31 ಶಿಲ್ಲಿಂಗ್ 6 ಪೆನ್ಸ್. ಸಾಮಾನ್ಯರು ಕೊಳ್ಳುವ ಮಾತೇ ಇರಲಿಲ್ಲ. 1842ರಲ್ಲಿ ಶುರುವಾದ ಮೂಡಿಯವರ ಬಾಡಿಗೆ ಗ್ರಂಥಾಲಯಕ್ಕೆ ವರ್ಷಕ್ಕೆ ಒಂದು ಗಿನಿ (21 ಶಿಲ್ಲಿಂಗ್) ಕಟ್ಟಿದರೆ ಒಂದು ಸಲಕ್ಕೆ ಒಂದು ಸಂಪುಟ ಸಿಗುತ್ತಿತ್ತು. ಒಂದೇ ಕಾದಂಬರಿ ಮೂರು ಮನೆಗಳಲ್ಲಿ ಏಕಕಾಲಕ್ಕೆ ಓಡಾಡುತ್ತಿತ್ತು. ಗ್ರಂಥಾಲಯಕ್ಕೆ ಲಾಭ, ಪ್ರಕಾಶಕರಿಗೂ ಲಾಭ. ಹೀಗಾಗಿ ಕಥೆ ಎಷ್ಟೇ ಇರಲಿ, ಮೂರು ಸಂಪುಟ ತುಂಬಲೇಬೇಕಿತ್ತು. ಲೇಖಕರು ಸಂಭಾಷಣೆ ಎಳೆದರು. ಬೇಡದ ಉಪಕಥೆ ತುರುಕಿದರು. ಪ್ರಕಾಶಕರು ಅಂಚು ಅಗಲಿಸಿದರು. 1894ರಲ್ಲಿ ಮೂಡಿ ಮತ್ತು ಡಬ್ಲ್ಯೂ. ಎಚ್. ಸ್ಮಿತ್ ಗ್ರಂಥಾಲಯಗಳು ಸಂಪುಟಕ್ಕೆ 4 ಶಿಲ್ಲಿಂಗಿಗಿಂತ ಹೆಚ್ಚು ಕೊಡುವುದಿಲ್ಲ ಎಂದವು. ಮೂರ್ನಾಲ್ಕು ವರ್ಷಗಳಲ್ಲಿ ಮೂರು ಸಂಪುಟದ ಕಾದಂಬರಿ ಹೆಚ್ಚುಕಡಿಮೆ ಮಾಯವಾಯಿತು. ಕಾದಂಬರಿಗೆ ಇಷ್ಟು ಉದ್ದ ಬೇಕೇ ಬೇಕು ಎಂದು ಅಷ್ಟು ವರ್ಷ ಹೇಳಿದ್ದು ಕಲೆಯಲ್ಲ, ಬಾಡಿಗೆಯ ಲೆಕ್ಕಾಚಾರ.

ಈಗಲೂ ಅದೇ ನಡೆಯುತ್ತಿದೆ, ರೂಪ ಬೇರೆ ಅಷ್ಟೇ. ಒಂದು ಒಳ್ಳೆಯ ಲೇಖನದಷ್ಟಿರುವ ವಿಚಾರವನ್ನು 300 ಪುಟಕ್ಕೆ ಹಿಗ್ಗಿಸಿದ ಪುಸ್ತಕಗಳನ್ನು ನಾವೆಲ್ಲ ಓದಿದ್ದೇವೆ. ಮೊದಲ ಅಧ್ಯಾಯದಲ್ಲಿ ಹೇಳಿದ್ದನ್ನೇ ಎಂಟನೆಯದರಲ್ಲಿ ಮತ್ತೆ ಹೇಳಿರುತ್ತಾರೆ. ತೆಳು ಪುಸ್ತಕದ ಬೆನ್ನಿನ ಮೇಲೆ ಹೆಸರು ಕಾಣುವುದಿಲ್ಲ, ಬೆಲೆ ಇಡಲು ಧೈರ್ಯ ಬರುವುದಿಲ್ಲ ಎನ್ನುವುದು ನಿಮ್ಮ ಕಷ್ಟ. ಆ ಕಷ್ಟ ನಿಜ. ಆದರೆ ಹೀಗೆ ಉಬ್ಬಿಸಿದ ಪುಸ್ತಕ ಓದಿ ಬೇಸತ್ತವರು ಮುಂದಿನ ಸಲ ನಿಜವಾಗಿಯೂ 300 ಪುಟ ಬೇಕಾದ ಪುಸ್ತಕ ಕಂಡಾಗಲೂ ಹಿಂದೆ ಸರಿಯುತ್ತಾರೆ. ಒಬ್ಬರು ಮಾಡಿದ ಉಬ್ಬಿಗೆ ದಂಡ ಕಟ್ಟುವವರು ಇನ್ನೊಬ್ಬ ಲೇಖಕರು. ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಈ ವಿಷಯಕ್ಕೆ.

ಚಿಕ್ಕ ಪುಸ್ತಕಗಳ ಮೇಲೆ ನಿಮಗೇಕೆ ಇಷ್ಟು ಸಂಕೋಚ? ಅಮೆರಿಕದ ಲೇಖಕ ಎಡ್ಗರ್ ಅಲನ್ ಪೋ 1846ರಲ್ಲೇ ಒಂದು ಮಾತು ಹೇಳಿದ್ದರು. ಒಂದೇ ಕೂರುವಿಕೆಯಲ್ಲಿ ಮುಗಿಯದ ಬರಹ ತನ್ನ ಒಟ್ಟು ಪರಿಣಾಮವನ್ನು ಕಳೆದುಕೊಳ್ಳುತ್ತದೆ, ನಡುವೆ ಲೋಕದ ಗಲಾಟೆ ಬಂದು ಸೇರುತ್ತದೆ ಎಂದು. ನಾನು ಪೂರ್ತಿ ಒಪ್ಪುವುದಿಲ್ಲ. ಕಾಲ ಸರಿಯುವುದನ್ನು, ಜನ ಮುದುಕರಾಗುವುದನ್ನು ಓದುಗರ ಮೈಗೆ ತಾಕಿಸಲು ದೊಡ್ಡ ಕಾದಂಬರಿಯೇ ಬೇಕು. ವಾರಗಟ್ಟಲೆ ಜೊತೆಗಿದ್ದ ಪಾತ್ರ ಸತ್ತಾಗ ಆಗುವ ದುಃಖ ಒಂದು ಸಂಜೆಯ ಓದಿನಲ್ಲಿ ಹುಟ್ಟುವುದು ಕಷ್ಟ. ಆದರೆ ಒಂದೇ ಸಂಜೆಯಲ್ಲಿ ಶುರುವಾಗಿ ಮುಗಿಯುವ ಓದಿನ ಬಿಗಿ ಇದೆಯಲ್ಲ, ಅದು ದೊಡ್ಡ ಪುಸ್ತಕಕ್ಕೆ ಸಿಗುವುದಿಲ್ಲ. ಎರಡೂ ಬೇರೆ ಬೇರೆ ಸುಖ. ಬೂಕರ್ ಪ್ರಶಸ್ತಿಯನ್ನೇ ನೋಡಿ. 2013ರಲ್ಲಿ ಗೆದ್ದ ಎಲೀನರ್ ಕ್ಯಾಟನ್ ಅವರ ಕಾದಂಬರಿ 832 ಪುಟ. 2024ರಲ್ಲಿ ಗೆದ್ದ ಸಮಂತಾ ಹಾರ್ವೆ ಅವರದು 136 ಪುಟ. ಎರಡಕ್ಕೂ ಕಿರೀಟ ಒಂದೇ.

ದೊಡ್ಡ ಪುಸ್ತಕಗಳ ವಿಷಯದಲ್ಲಿ ಸಂಖ್ಯೆಯ ಜೊತೆಗೆ ಇನ್ನೂ ಒಂದೆರಡು ಸಣ್ಣ ಕೆಲಸ ಮಾಡಬಹುದು. ಇಂಗ್ಲೆಂಡಿನ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಅವರ ಮೊದಲ ಕಾದಂಬರಿ 1836ರ ಏಪ್ರಿಲ್‌ನಿಂದ 1837ರ ನವೆಂಬರ್‌ವರೆಗೆ ತಿಂಗಳ ಕಂತುಗಳಲ್ಲಿ ಬಂತು. ಬಹುತೇಕ ಕಂತುಗಳು 32 ಪುಟದವು. ಕೊನೆಗೆ ತಿಂಗಳಿಗೆ 40,000 ಪ್ರತಿ ಹೋಗುತ್ತಿತ್ತು. ಒಟ್ಟುಗೂಡಿಸಿದರೆ ದೊಡ್ಡ ಗ್ರಂಥ. ಆದರೆ ಕಂತು ಕಂತಾಗಿ ಓದಿದವರ ಮುಂದೆ ಆ ಗ್ರಂಥ ಇಡಿಯಾಗಿ ಬಂದು ನಿಂತಿರಲಿಲ್ಲ. ಮಹಾಭಾರತವನ್ನು 18 ಪರ್ವಗಳಾಗಿ ಕಟ್ಟಿದವರಿಗೂ ಈ ಗುಟ್ಟು ಗೊತ್ತಿತ್ತು ಅನ್ನಿಸುತ್ತದೆ. ಪರ್ವಕ್ಕೆ ಪರ್ವ ನಿಂತು ಉಸಿರು ತೆಗೆದುಕೊಳ್ಳಬಹುದು. ಗುರಿ ಹತ್ತಿರವಾದಷ್ಟೂ ಹೆಜ್ಜೆ ಚುರುಕಾಗುತ್ತದೆ ಎಂದು ಮನಶ್ಶಾಸ್ತ್ರಜ್ಞ ಕ್ಲಾರ್ಕ್ ಹಲ್ 1932ರಲ್ಲೇ ಹೇಳಿದ್ದರು. ಅವರು ನೋಡಿದ್ದು ಇಲಿಗಳನ್ನು. ಆದರೆ ಕೊನೆಯ 50 ಪುಟ ಉಳಿದಾಗ ನಿದ್ದೆಗೆಟ್ಟು ಓದಿದ ಎಲ್ಲರಿಗೂ ಇದು ಗೊತ್ತು. ದೊಡ್ಡ ಪುಸ್ತಕದ ನಿಜವಾದ ಅಪಾಯ ನಡುಭಾಗದಲ್ಲಿದೆ. ಶುರುವಿನ ಹುರುಪು ಇಳಿದಿರುತ್ತದೆ, ಕೊನೆ ಇನ್ನೂ ಕಾಣುವುದಿಲ್ಲ. ಅಲ್ಲೊಂದು ಭಾಗ ಮುಗಿದು ಇನ್ನೊಂದು ಶುರುವಾದರೆ ಕಾಲಿಗೆ ಮತ್ತೆ ಬಲ ಬರುತ್ತದೆ. ಬರಹಕ್ಕೆ ಒಗ್ಗುವುದಾದರೆ ಲೇಖಕರ ಜೊತೆ ಕೂತು ಭಾಗಗಳನ್ನು ಮಾಡಿ. ವಿಷಯಸೂಚಿ ಕೊಡಿ. ಕಾದಂಬರಿಗೆ ವಿಷಯಸೂಚಿ ಬೇಡ ಎನ್ನುವ ರೂಢಿ ಯಾಕೆ ಬಂತೋ, ನನಗಂತೂ ಅದರಲ್ಲಿ ಲಾಭ ಕಾಣುವುದಿಲ್ಲ.

ಇನ್ನೊಂದು, ಮುಖ್ಯ ಬರಹ ಎಲ್ಲಿ ಮುಗಿಯುತ್ತದೆ ಎಂದು ತಿಳಿಸಿ. ಉಳಿದ ಪುಟಗಳು ಕಡಿಮೆಯಾಗುತ್ತಾ ಬಂದದ್ದು ನೋಡಿಯೇ ಓದುಗರಿಗೆ ಸುಖಾಂತ್ಯ ಹತ್ತಿರವಾಯಿತೆಂದು ಗೊತ್ತಾಗುತ್ತದೆ ಎಂದು ಇಂಗ್ಲೆಂಡಿನ ಕಾದಂಬರಿಕಾರ್ತಿ ಜೇನ್ ಆಸ್ಟಿನ್ ತಮ್ಮ ಒಂದು ಕಾದಂಬರಿಯ ಕೊನೆಯಲ್ಲಿ ಬರೆದಿದ್ದಾರೆ. ಬಲಗೈಯಲ್ಲಿ ಉಳಿದ ಪುಟಗಳ ಭಾರವನ್ನು ನಾವೆಲ್ಲ ಹಾಗೆ ತೂಗುತ್ತಲೇ ಇರುತ್ತೇವೆ. ಈಗಿನ ಎಷ್ಟೋ ಪುಸ್ತಕಗಳಲ್ಲಿ ಟಿಪ್ಪಣಿ, ಪದಸೂಚಿ, ಮುಂದಿನ ಪುಸ್ತಕದ ಮಾದರಿ ಅಧ್ಯಾಯ ಎಲ್ಲ ಸೇರಿ ಕೊನೆಯ 100 ಪುಟ ಹೋಗಿರುತ್ತದೆ. ಇನ್ನೂ ಬಹಳ ಇದೆ ಅಂದುಕೊಂಡಿರುವಾಗಲೇ ಕಥೆ ಥಟ್ಟನೆ ಮುಗಿದುಬಿಡುತ್ತದೆ. ಅಂಥ ಮುಕ್ತಾಯ ಕೈಯಿಂದ ಏನೋ ಕಿತ್ತುಕೊಂಡಂತೆ ಆಗುತ್ತದೆ. ಲೇಖಕರು ಕಷ್ಟಪಟ್ಟು ಕಟ್ಟಿದ ಕೊನೆ ಸುಮ್ನೆ ಹಾಳು.

ಪದಗಳ ಸಂಖ್ಯೆ ಹಾಕಿದರೆ ಸಾಹಿತ್ಯವನ್ನು ತಕ್ಕಡಿಯಲ್ಲಿ ತೂಗಿದಂತಾಗುತ್ತದೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಈ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ತೂಗುವುದು ಆಗಲೇ ನಡೆದಿದೆ. ಪುಸ್ತಕವನ್ನು ಕೈಯಲ್ಲಿ ಎತ್ತಿ ನೋಡುವುದು, ಕೊನೆಯ ಪುಟದ ಸಂಖ್ಯೆ ನೋಡುವುದು, ಇದೆಲ್ಲ ತೂಗುವುದೇ ತಾನೆ? ಸುಳ್ಳು ತಕ್ಕಡಿಯ ಜಾಗದಲ್ಲಿ ಸರಿಯಾದದ್ದು ಇಡಿ ಎನ್ನುವುದಷ್ಟೇ ನನ್ನ ಮಾತು. ಸಂಖ್ಯೆ ನೋಡಿ ದೊಡ್ಡ ಪುಸ್ತಕ ಬಿಡುವವರು ಇದ್ದೇ ಇರುತ್ತಾರೆ. ಆದರೆ ಅವರು ದಪ್ಪ ನೋಡಿ ಈಗಾಗಲೇ ಬಿಟ್ಟಿದ್ದಾರೆ.

ಓದುಗ ಗೆಳೆಯರಿಗೂ ಇಲ್ಲೇ ಒಂದು ಮಾತು. ವರ್ಷಕ್ಕೆ ಇಷ್ಟು ಪುಸ್ತಕ ಎಂದು ಗುರಿ ಇಟ್ಟುಕೊಳ್ಳುವ ಅಭ್ಯಾಸ ಒಳ್ಳೆಯದೇ. ಆದರೆ ಆ ಲೆಕ್ಕದಲ್ಲಿ 100 ಪುಟದ್ದೂ ಒಂದೇ, 900 ಪುಟದ್ದೂ ಒಂದೇ. ಡಿಸೆಂಬರ್ ಬಂದಾಗ ಗುರಿ ಮುಟ್ಟಲು ತೆಳು ಪುಸ್ತಕ ಹುಡುಕುವಂತಾಗುತ್ತದೆ. ದೊಡ್ಡ ಪುಸ್ತಕ ಇನ್ನೊಂದು ವರ್ಷ ಹಿಂದೆ ಬೀಳುತ್ತದೆ. ಪುಸ್ತಕ ಎಣಿಸುವ ಬದಲು ಓದಿದ ಗಂಟೆ ಎಣಿಸಿ. ಆಗ ಯಾವ ಗಾತ್ರದ ಪುಸ್ತಕ ಹಿಡಿದರೂ ನಷ್ಟವಿಲ್ಲ.

ಪ್ರಕಾಶಕರೇ, ಕಾರ್ಯರೂಪದ ಬಗ್ಗೆ ನನ್ನ ಸಲಹೆ ಇಷ್ಟು. ಮುನ್ನುಡಿ, ಟಿಪ್ಪಣಿ ಬಿಟ್ಟು ಮುಖ್ಯ ಬರಹವನ್ನು ಮಾತ್ರ ಎಣಿಸಿ. ನೂರು ಇನ್ನೂರರ ಲೆಕ್ಕ ಬೇಡ, ಹತ್ತಿರದ ಸಾವಿರಕ್ಕೆ ಸರಿಮಾಡಿ. ಕನ್ನಡದಂಥ ಭಾಷೆಗಳಲ್ಲಿ ಪದಗಳು ಒಂದಕ್ಕೊಂದು ಅಂಟಿ ಉದ್ದವಾಗುತ್ತವೆ. ಹೀಗಾಗಿ ಪದಗಳ ಸಂಖ್ಯೆ ಕಡಿಮೆ ಕಂಡರೂ ಓದುವ ಹೊತ್ತು ಕಡಿಮೆಯಾಗುವುದಿಲ್ಲ. ನಿಮಿಷಕ್ಕೆ 238 ಎನ್ನುವ ಇಂಗ್ಲಿಷ್ ವೇಗವನ್ನು ಇಲ್ಲಿಗೆ ಹಾಗೇ ತರಬೇಡಿ. ಅಂಥ ಭಾಷೆಯ ಪುಸ್ತಕಕ್ಕೆ ಪದದ ಜೊತೆ ಅಕ್ಷರಗಳ ಸಂಖ್ಯೆಯನ್ನೂ ಕೊಟ್ಟರೆ ಇನ್ನೂ ಒಳ್ಳೆಯದು. ಕವನ ಸಂಕಲನಗಳಿಗೆ ಈ ಲೆಕ್ಕವೇ ಬೇಡ. ನಾಲ್ಕು ಸಾಲಿಗೆ ನಾಲ್ಕು ದಿನ ಬೇಕಾಗಬಹುದು. ಎಲ್ಲ ಪುಸ್ತಕಗಳಿಗೂ ಒಟ್ಟಿಗೆ ಮಾಡಲು ಆಗದಿದ್ದರೆ, ಮರುಮುದ್ರಣಕ್ಕೆ ಹೋಗುವ ದೊಡ್ಡ ಕಾದಂಬರಿಗಳಿಂದ ಶುರು ಮಾಡಿ. ಹಿಂಬದಿಯ ರಕ್ಷಾಪುಟದಲ್ಲಿ ಒಂದು ಸಾಲು ಸಾಕು. ಹೊಗಳಿಕೆಯ ಮಾತುಗಳಲ್ಲಿ ಒಂದನ್ನು ತೆಗೆದರೆ ಜಾಗ ಸಿಗುತ್ತದೆ.

ಇಂತಿ,
ನಿಮ್ಮ ಪುಸ್ತಕಗಳನ್ನು ಊರೆಲ್ಲ ಹೇಳಿಕೊಂಡು ಬರುವ ಒಬ್ಬ ಓದುಗ